ನಾಲ್ಕನೆಯ ಜೋಡಿ ಚಪ್ಪಲಿ

ಒಣದ್ರಾಕ್ಷಿಯ ವಾಸನೆ ಬಂದರೆ ನನಗೆ ಹೆದರಿಕೆಯಾಗುತ್ತದೆ. ಹೀಗೆಂದರೆ ಜನ ನಗುತ್ತಾರೆ. ಶಿರಾದೊಳಗಿನ ದ್ರಾಕ್ಷಿಯನ್ನೆಲ್ಲ ನಾನು ತಟ್ಟೆಯ ಅಂಚಿಗೆ ಸರಿಸುವುದನ್ನು ಕಂಡು ನಮ್ಮ ಅತ್ತೆ, "ಈ ಸೀಮ್ಯಾಗ ಹುಟ್ಟಿ ದ್ರಾಕ್ಷಿ ತಿನ್ನಲಾರದಾಕಿ ನೀ ಒಬ್ಬಾಕಿನ ನೋಡು, ಎಂಥಾ ಸೊಕ್ಕು" ಎನ್ನುತ್ತಾರೆ. ಸೊಕ್ಕಲ್ಲ, ಭಯ. ನಾಲಿಗೆಗೆ ಸಿಹಿ ತಾಗುವ ಮೊದಲೇ ಅಂಗೈ ತಣ್ಣಗಾಗುತ್ತದೆ.

ಈಗ ನಾನು ಬಬಲೇಶ್ವರದಲ್ಲಿ ಕನ್ನಡ ಕಲಿಸುತ್ತೇನೆ. ಈ ಸಲ ಹತ್ತನೆಯ ತರಗತಿಯ ಪರೀಕ್ಷೆಗೆ ಮೇಲ್ವಿಚಾರಕಿಯಾಗಿ ತಿಕೋಟಾಕ್ಕೆ ಹಾಕಿದರು. ಬೆಳಿಗ್ಗೆ ವಿಜಯಪುರದಲ್ಲಿ ಬಸ್ಸು ಹತ್ತಿದೆ. ಅಥಣಿ ರಸ್ತೆಯ ಹೊಸ ಲೇಔಟುಗಳು ಮುಗಿದು ಹೊಲಗಳು ಶುರುವಾಗುವ ಹೊತ್ತಿಗೆ ಮುಂದಿನ ಸೀಟಿನ ಹೆಂಗಸು ಕಿಟಕಿ ಸರಿಸಿದಳು. ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಗಾಳಿ ಒಳಗೆ ಬಂತು. ಮೊದಲು ಗಂಧಕದ ಘಾಟು, ಅದರ ಬೆನ್ನಿಗೇ ಬೆಲ್ಲದಂಥ ಸಿಹಿ. ನಾನು ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎಷ್ಟೋ ವರ್ಷಗಳ ಹಿಂದಿನ ಆ ಬೇಸಿಗೆ ಇಡಿಯಾಗಿ ಬಂದು ಪಕ್ಕದಲ್ಲಿ ಕೂತಿತು.

ಆಗ ನಾನು ತಿಕೋಟಾದ ಒಂದು ಪ್ರೌಢಶಾಲೆಯಲ್ಲಿದ್ದೆ. ತರಬೇತಿಯೊಂದರಲ್ಲಿ ಹೊಸ ಪಾಠ ಹೇಳಿಕೊಟ್ಟಿದ್ದರು: ಸಿನಿಮಾದ ಎರಡು ಮೂರು ನಿಮಿಷದ ದೃಶ್ಯವೊಂದನ್ನು ಮಕ್ಕಳಿಗೆ ತೋರಿಸಿ, ಅದನ್ನು ಪದ್ಯದ ಹಾಗೆ ಬಿಡಿಸಿ ಮಾತಾಡಿಸಬೇಕು. ಕ್ಯಾಮೆರಾ ಏನು ತೋರಿಸಿತು, ಏನನ್ನು ಬಚ್ಚಿಟ್ಟಿತು, ಇದಕ್ಕೂ ಮುಂಚೆ ಏನಾಗಿರಬಹುದು, ಮುಂದೆ ಏನಾದೀತು. ನನಗೆ ಹುಚ್ಚು ಹಿಡಿದಂತಾಯಿತು. ಒಂಬತ್ತನೆಯ ತರಗತಿಗೆ ಪ್ರತಿ ಶನಿವಾರ ಒಂದು ದೃಶ್ಯ ಎಂದು ಒಪ್ಪಿಕೊಂಡುಬಿಟ್ಟೆ. ಮುಖ್ಯೋಪಾಧ್ಯಾಯರು ಕನ್ನಡಕದ ಮೇಲಿಂದ ನೋಡಿ, "ಮಾಡ್ರಿ ಮೇಡಂ. ಆದ್ರ ನಾಳೆ ಯಾರರೆ ಬಂದು ನನ್ನ ಕೇಳಬಾರದು, ಅಷ್ಟ" ಎಂದರು.

ಆ "ಅಷ್ಟ" ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ನಾನು ಹುಟ್ಟಾ ಅಂಜುಬುರುಕಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಹೋದವಳು. ಹದಿನಾಲ್ಕು ಹದಿನೈದರ ಮಕ್ಕಳಿಗೆ ಏನು ತೋರಿಸಿದರೆ ಯಾರಿಗೆ ಎಲ್ಲಿ ಚುಚ್ಚುತ್ತದೋ! ಅದಕ್ಕೆ ನಮ್ಮ ಅತ್ತೆಯನ್ನೇ ಸೆನ್ಸಾರ್ ಮಂಡಳಿ ಮಾಡಿಕೊಂಡೆ. ಸಂಜೆ ಇಬ್ಬರೂ ಮೊಬೈಲು ಹಿಡಿದು ಕೂರುತ್ತಿದ್ದೆವು. ಗಂಡ ಹೆಂಡತಿ ಮಾತಿಲ್ಲದೆ ಊಟ ಮಾಡುವ ಒಂದು ಚಂದದ ದೃಶ್ಯ ತೋರಿಸಿದೆ. "ಹಿಂದ ಗ್ವಾಡಿ ಮಾಡದಾಗ ಬಾಟ್ಲಿ ಐತಿ ನೋಡು" ಎಂದರು. ನನಗೆ ಕಂಡೇ ಇರಲಿಲ್ಲ. ತಾಯಿ ಮಗಳಿಗೆ ಜಡೆ ಹಾಕುವುದನ್ನು ತೋರಿಸಿದೆ. "ಇದು ಚಲೋ ಐತಿ" ಎಂದವರು, ಕೊನೆಗೆ ಆ ಮಗಳು ಚೀಲ ಹಿಡಿದು ಹಿತ್ತಲ ಬಾಗಿಲಿನಿಂದ ಓಡಿಹೋದಾಗ ನನ್ನ ಮುಖವನ್ನೇ ನೋಡಿದರು. ಜಗಳ ಬೇಡ, ದೇವರು ಬೇಡ, ಜಾತಿ ಬೇಡ, ಮುತ್ತಂತೂ ಬೇಡವೇ ಬೇಡ. ಹೀಗೆ ಸೋಸಿ ಸೋಸಿ ಕೊನೆಗೆ ನನ್ನ ಬಳಿ ಉಳಿದದ್ದು ಎಮ್ಮೆ ಮೇಯುವ ಒಂದು ದೃಶ್ಯ.

ಆಗ ಕೈ ಹಿಡಿದದ್ದು ತರಬೇತಿಯಲ್ಲಿ ಪರಿಚಯವಾಗಿದ್ದ ಬಬಲೇಶ್ವರದ ಮೇಷ್ಟ್ರೊಬ್ಬರು. ಯಾರಿಂದಲೋ ಯಾರಿಗೋ ದಾಟಿ ಬಂದ ಒಂದು ಪೆನ್‌ಡ್ರೈವ್ ಕೊಟ್ಟರು. ಅದರ ತುಂಬ ಕತ್ತರಿಸಿಟ್ಟ ಸಣ್ಣ ಸಣ್ಣ ದೃಶ್ಯಗಳು, ಯಾವ ಸಿನಿಮಾ ಎಂಬುದಕ್ಕೆ ಹೆಸರಿಲ್ಲ. ಅಲ್ಲಿಂದ ನಮ್ಮ ಶನಿವಾರಗಳು ಶುರುವಾದವು. ಪ್ರಯೋಗಾಲಯದ ಕಿಟಕಿಗೆ ಮಕ್ಕಳೇ ಮನೆಯಿಂದ ತಂದ ಕೌದಿ ಕಟ್ಟಿ ಕತ್ತಲೆ ಮಾಡುತ್ತಿದ್ದರು. ಹೊನವಾಡದಿಂದ ಬಸ್ಸಿಗೆ ಬರುತ್ತಿದ್ದ ಸಿದ್ದು ಮೊದಲ ಬೆಂಚಿನಲ್ಲಿ ಕೂತು, "ಟೀಚರ್, ಇದರಾಗ ಫೈಟ್ ಯಾವಾಗ ಬರ್ತೈತ್ರಿ?" ಎಂದು ಪ್ರತಿ ವಾರವೂ ಕೇಳುತ್ತಿದ್ದ. ತರಗತಿ ಪ್ರತಿ ವಾರವೂ ನಗುತ್ತಿತ್ತು. ಅವನ ಬಾಯಿಗೆ ಬೀಗವೇ ಇರಲಿಲ್ಲ. ಬೈಯಬೇಕೆಂದು ಬಾಯಿ ತೆರೆದರೆ ನನಗೂ ನಗು ಬರುತ್ತಿತ್ತು.

ಮೂರನೆಯ ಬೆಂಚಿನ ರೇಶ್ಮಾ ಬೇರೆ ಥರ. ಮಾತು ಕಡಿಮೆ, ಕಣ್ಣು ಚುರುಕು. ಅವಳ ತಾಯಿ ದ್ರಾಕ್ಷಿ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮುದುಕನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ದೃಶ್ಯ ತೋರಿಸಿದಾಗ ಎಲ್ಲರೂ ಅವನ ಮುಖದ ಬಗ್ಗೆಯೇ ಹೇಳಿದರು. ಅವಳೊಬ್ಬಳು ಎದ್ದು, "ಬಸ್ಸು ಬಂದು ಹೋಗೇತ್ರಿ ಟೀಚರ್. ಅವನ ಹಿಂದಿನ ನೆರಳು ಮೊದಲು ಸಣ್ಣದಿತ್ತು, ಈಗ ಉದ್ದ ಆಗೇತಿ. ಅಂವ ಬೇಕಂತ ಹತ್ತಿಲ್ಲ" ಎಂದಳು. ದೃಶ್ಯವನ್ನು ಮತ್ತೆ ಹಾಕಿ ನೋಡಿದರೆ ಅವಳು ಹೇಳಿದ್ದು ನಿಜ. ಆ ದಿನ ನಾನು ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಒಬ್ಬಳೇ ನಗುತ್ತಿದ್ದೆ.

ಫೆಬ್ರವರಿಯಲ್ಲಿ ಬಿಸಿಲು ಏರಿತು. ತಿಕೋಟಾದ ಸುತ್ತ ದ್ರಾಕ್ಷಿ ಕೊಯ್ಲು ಶುರುವಾಗಿ ಊರಿಗೆ ಊರೇ ಗಂಧಕದ ವಾಸನೆ ಹೊದ್ದುಕೊಂಡಿತ್ತು. ಮಕ್ಕಳು ಬೆವರಿ, ತೂಕಡಿಸಿ ಕೂತಿರುತ್ತಿದ್ದರು. ಇವರಿಗೊಂದು ತಣ್ಣನೆಯ ದೃಶ್ಯ ತೋರಿಸೋಣವೆಂದು ಪೆನ್‌ಡ್ರೈವಿನಲ್ಲಿ ಹುಡುಕಿದೆ. ಸಿಕ್ಕಿತು: ಮಧ್ಯಾಹ್ನ, ಒಂದು ದೊಡ್ಡ ನೀರಿನ ಹೊಂಡ, ಹುಡುಗರು ಕೇಕೆ ಹಾಕುತ್ತ ಈಜುತ್ತಾರೆ, ನೀರೆರಚುತ್ತಾರೆ. ಕ್ಯಾಮೆರಾ ದಂಡೆಯ ಮೇಲೆ ಬಿಟ್ಟ ಚಪ್ಪಲಿಗಳನ್ನೂ ಅಂಗಿಗಳನ್ನೂ ತೋರಿಸಿ ಮತ್ತೆ ನೀರಿಗೆ ಬರುತ್ತದೆ. ಅಲ್ಲಿಗೆ ಮುಗಿಯಿತು. ಅತ್ತೆಯೂ ಪಾಸು ಮಾಡಿದರು. ಇಷ್ಟು ನಿರುಪದ್ರವಿ ದೃಶ್ಯ ಅದುವರೆಗೆ ನನಗೆ ಸಿಕ್ಕಿರಲಿಲ್ಲ.

ತೋರಿಸಿದೆ. ತರಗತಿ ನಗಬೇಕಿತ್ತು. ನಗಲಿಲ್ಲ.

"ಏನನ್ನಿಸಿತು?" ಎಂದೆ. ಯಾರೂ ಕೈ ಎತ್ತಲಿಲ್ಲ. ಕೊನೆಗೆ ಹಿಂದಿನಿಂದ ಒಬ್ಬ ಹುಡುಗ, "ಅವ್ರು ಹೊರಗ ಹೆಂಗ ಬರ್ತಾರ್ರಿ ಟೀಚರ್?" ಎಂದ. ನನಗೆ ಅರ್ಥವಾಗಲಿಲ್ಲ. ನಾನು ವಿಜಯಪುರದ ಹಳೆಯ ಓಣಿಯಲ್ಲಿ ಬೆಳೆದವಳು. ನಮ್ಮ ಕಡೆ ನೀರೆಂದರೆ ಬಾವಡಿ, ಬಾವಡಿಯೆಂದರೆ ಕಲ್ಲಿನ ಮೆಟ್ಟಿಲು. ಇಳಿದವರು ಮೆಟ್ಟಿಲು ಹತ್ತಿ ಬರುತ್ತಾರೆ, ಅದರಲ್ಲಿ ಕೇಳುವುದೇನು? ಆಗ ಮಕ್ಕಳು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ದ್ರಾಕ್ಷಿ ತೋಟದವರು ಬೇಸಿಗೆಗೆಂದು ನೀರು ತುಂಬಿಡುವ ಹೊಂಡಗಳಿಗೆ ಕೆಳಗಿನಿಂದ ಮೇಲಿನವರೆಗೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರಂತೆ. ಮೆಟ್ಟಿಲಿಲ್ಲ, ಹಿಡಿಯಲು ಕಲ್ಲಿಲ್ಲ, ಮೇಲೆ ಪಾಚಿ. "ಬೀಳೋದೇನು ಬಿಡ್ರಿ, ಯಾರರೆ ಬೀಳ್ತಾರ. ಹತ್ತಾಕ ಬರಂಗಿಲ್ಲ. ಈಸಾಕ ಬಂದವರೂ ಸಾಯ್ತಾರ್ರಿ" ಎಂದಳು ಒಬ್ಬಳು. ಆ ಸಿನಿಮಾದ ಹೊಂಡವೂ ಥೇಟ್ ಅಂಥದ್ದೇ ಆಗಿತ್ತು. ನಾನು ಅದನ್ನು ಈಜುಕೊಳ ಅಂದುಕೊಂಡಿದ್ದೆ.

ಅಷ್ಟರಲ್ಲಿ ರೇಶ್ಮಾ ಎದ್ದಳು. "ಟೀಚರ್, ಚಪ್ಪಲ್ ತೋರಿಸ್ತಾರಲ್ರಿ, ಅಲ್ಲಿ ನಿಂದರಸ್ರಿ" ಎಂದಳು. ಚಿತ್ರವನ್ನು ಅಲ್ಲಿಗೆ ನಿಲ್ಲಿಸಿದೆ. "ನಾಕು ಜೋಡಿ ಅದಾವು. ನೀರಾಗ ಮೂರ ಮಂದಿ ಅದಾರ. ಮೊದಲಿಂದನೂ ಮೂರ ಮಂದಿ. ಇದು ನಗೂ ಸೀನ್ ಅಲ್ರಿ."

ಹತ್ತು ಸಲ ನೋಡಿದ್ದ ದೃಶ್ಯ. ಚಪ್ಪಲಿಗಳನ್ನು ನಾನು ಒಮ್ಮೆಯೂ ಎಣಿಸಿರಲಿಲ್ಲ. ಸಿದ್ದು ಮಾತ್ರ, "ನಾಕನೇದಾಂವ ತೆಳಗ ಮುಳಗಿ ಈಸಾಕತ್ತಾನ ಲೇ" ಎಂದು ನಗಿಸಲು ನೋಡಿದ. ಅವತ್ತು ಅವನ ಮಾತಿಗೂ ಯಾರೂ ನಗಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: ಮುಂದೇನಾಯಿತು? ನಾಲ್ಕನೆಯವನು ಎಲ್ಲಿ? ನನಗೇನು ಗೊತ್ತು! ಬಬಲೇಶ್ವರದ ಮೇಷ್ಟ್ರಿಗೆ ಫೋನು ಮಾಡಿದೆ. "ಅದು ಬರೇ ಮೂರು ನಿಮಿಷದ್ದ್ರಿ ಮೇಡಂ. ಪೂರಾ ಸಿನಿಮಾ ಯಾರು ನೋಡ್ಯಾರ? ಹೆಸರೂ ಗೊತ್ತಿಲ್ಲ" ಎಂದರು. ಬಸ್ಸಿನಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದೆ. ಮೂರು ತಲೆ, ನಾಲ್ಕು ಜೋಡಿ ಚಪ್ಪಲಿ. ನಗು ಕೇಳಿಸುತ್ತಿತ್ತು.

ಸೋಮವಾರ ಒಬ್ಬ ಹುಡುಗಿಯ ಅಪ್ಪ ಬಂದು, ಮಗಳು ಕನಸಿನಲ್ಲಿ ಚೀರುತ್ತಾಳೆ, ಸಾಲಿಯಲ್ಲಿ ಸಿನಿಮಾ ತೋರಿಸಿ ಮಕ್ಕಳನ್ನು ಅಂಜಿಸುತ್ತಾರೇನು ಎಂದು ಕೂಗಾಡಿ ಹೋದರು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ಪರೀಕ್ಷೆ ಬಂದಾವು ಮೇಡಂ, ಸಾಕ ಮಾಡ್ರಿ" ಎಂದಷ್ಟೇ ಅಂದರು. ಕಿಟಕಿಯ ಕೌದಿಗಳು ಮಕ್ಕಳ ಮನೆಗೆ ವಾಪಸು ಹೋದವು. ಆದರೆ ಆ ದೃಶ್ಯ ತರಗತಿ ಬಿಟ್ಟು ಹೋಗಲಿಲ್ಲ. ಹುಡುಗರು ಅದನ್ನು ಆಟ ಮಾಡಿಕೊಂಡರು. ಊಟದ ಬಿಡುವಿನಲ್ಲಿ ಯಾರದೋ ಚಪ್ಪಲಿ ಬಾಗಿಲಲ್ಲಿಟ್ಟು, "ನಾಕನೇದಾಂವ ಬಂದ್ನಲೇ" ಎಂದು ಕಿರುಚುವುದು, ಹುಡುಗಿಯರು ಬೆದರಿ ಓಡುವುದು. ಈ ಆಟದ ಮುಂದಾಳು ಸಿದ್ದು. ನಾನು ಗದರಿದರೆ, "ಅಂಜಿದ್ರೇನ್ರಿ ಟೀಚರ್?" ಎನ್ನುತ್ತಿದ್ದ. ಹೌದು, ಅಂಜಿದ್ದೆ. ಈ ಮಕ್ಕಳಲ್ಲಿ ಯಾರಾದರೂ ನೀರಿಗಿಳಿದರೆ ಎಂಬ ಒಂದೇ ಯೋಚನೆ ಊಟದಲ್ಲೂ ಸ್ನಾನದಲ್ಲೂ ಬೆನ್ನು ಬಿಡುತ್ತಿರಲಿಲ್ಲ. ನೀರು ಮೈಮೇಲೆ ಸುರಿದುಕೊಳ್ಳಲೂ ಹಿಂಜರಿಯುವಂತಾಗಿತ್ತು.

ಮಾರ್ಚಿನ ಒಂದು ಶನಿವಾರ. ಬೆಳಗಿನ ಶಾಲೆ ಮುಗಿದಿತ್ತು. ಅತ್ತೆ ಶೆಡ್ಡಿನಿಂದಲೇ ಹೊಸ ಒಣದ್ರಾಕ್ಷಿ ತರಲು ಹೇಳಿದ್ದರು. ರೇಶ್ಮಾ ತಾಯಿಗೆ ಬುತ್ತಿ ಒಯ್ಯುವವಳಿದ್ದಳು, ಅವಳ ಜೊತೆ ಹೊರಟೆ. ಹೊನವಾಡ ರಸ್ತೆಯಿಂದ ಒಳಗೆ ತಿರುಗಿದರೆ ಶೆಡ್ಡು. ದ್ರಾಕ್ಷಿ ಹರವಿದ ಹಸಿರು ಬಲೆಗಳ ಅಟ್ಟಣಿಗೆಗಳು, ಮುಖಕ್ಕೆ ಬಟ್ಟೆ ಸುತ್ತಿ ಬರೀ ಕಣ್ಣು ಬಿಟ್ಟುಕೊಂಡ ಹೆಂಗಸರು. ಅವರಲ್ಲಿ ಒಬ್ಬಾಕೆ ಬಟ್ಟೆ ಸರಿಸಿ ನಕ್ಕಾಗಲೇ ರೇಶ್ಮಾಳ ತಾಯಿಯೆಂದು ಗೊತ್ತಾದದ್ದು. "ಬರ್ರಿ ಟೀಚರ್, ರುಚಿ ನೋಡ್ರಿ" ಎಂದು ಅಂಗೈ ತುಂಬ ದ್ರಾಕ್ಷಿ ಕೊಟ್ಟಳು. ಬಾಯಿಗೆ ಹಾಕಿಕೊಂಡೆ. ಆಗ ಪಕ್ಕದ ತೋಟದ ಹೊಂಡದ ಕಡೆಯಿಂದ ಹುಡುಗರ ನಗು ಕೇಳಿಸಿತು.

ಓಡಿದೆ. ಏರಿಯ ಮೇಲೆ ನನ್ನದೇ ತರಗತಿಯ ಮೂವರು ಹುಡುಗರು ಒದ್ದೆ ತಲೆಯಲ್ಲಿ ಅಂಗಿ ಹಾಕಿಕೊಳ್ಳುತ್ತ ಕೂತಿದ್ದರು. ತಂತಿ ಬೇಲಿಯ ಕಂಬಕ್ಕೆ ಕಟ್ಟಿ ಇಳಿಬಿಟ್ಟಿದ್ದ ರಬ್ಬರ್ ಪೈಪನ್ನು ಮೇಲೆಳೆದು ಸುತ್ತಿಟ್ಟಿದ್ದರು. ಅದನ್ನು ಹಿಡಿದೇ ಇಳಿದು ಹತ್ತಿದ್ದರಂತೆ. ಅವರು ಹೊರಗಿದ್ದಾರೆ, ಬದುಕಿದ್ದಾರೆ ಎಂದು ಕಂಡದ್ದೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ನಿಂತರು. ಬೈಯುವುದರಲ್ಲಿ ಒಂದು ಸುಖವಿತ್ತು. ಮುಗಿಯಿತಲ್ಲ, ಏನೂ ಆಗಲಿಲ್ಲವಲ್ಲ ಎಂಬ ಸುಖ.

ರೇಶ್ಮಾ ನನ್ನ ಹಿಂದೆ ನಿಂತಿದ್ದಳು. ಅವಳು ಹುಡುಗರನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

"ಇವು ಯಾರವು?" ಎಂದಳು.

ಮೂವರ ಕಾಲಲ್ಲೂ ಚಪ್ಪಲಿ ಇದ್ದವು. ಬೇಲಿಯ ಪಕ್ಕ ಇನ್ನೊಂದು ಜೋಡಿ ನೀಲಿ ಪಟ್ಟಿಯ ಚಪ್ಪಲಿ ಇತ್ತು.

"ಸಿದ್ದೂನವು" ಎಂದನೊಬ್ಬ. "ಅಂವ ಆಗಳೇ ಮನಿಗೆ ಹೋದ. ನಾವು ನೀರು ಹೊಡದ್ವಿ ಅಂತ ಸಿಟ್ಟು ಮಾಡ್ಕೊಂಡು ಹೋಗ್ಯಾನ."

"ಬರಿಗಾಲಿಲೆ ಹೋದ್ನೇನು? ಈ ಬಿಸಲಾಗ?"

ಕಾದ ಗರಸು ಮಣ್ಣು ಚಪ್ಪಲಿಯ ಅಟ್ಟೆ ದಾಟಿ ನನ್ನ ಪಾದ ಸುಡುತ್ತಿತ್ತು. ನಾನು ನೀರಿನ ಕಡೆ ನೋಡಿದೆ. ನೀರು ಹಸಿರಾಗಿ ಸುಮ್ಮನಿತ್ತು. ಬಾಯಲ್ಲಿದ್ದ ದ್ರಾಕ್ಷಿಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ರೇಶ್ಮಾ "ಅಮ್ಮಾ!" ಎಂದು ಚೀರಿದ್ದು ಶೆಡ್ಡಿನವರೆಗೂ ಮುಟ್ಟಿತು. ಬಟ್ಟೆ ಸುತ್ತಿದ ಆ ಹೆಂಗಸರೆಲ್ಲ ಏರಿಯ ಮೇಲೆ ಓಡಿ ಬರುತ್ತಿದ್ದರೆ ಅವರಲ್ಲಿ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಖಾಲಿ ಅಟ್ಟಣಿಗೆಯ ಬಲೆಯನ್ನು ಹರಿದು ತಂದಿದ್ದರು. ಅದರ ತುದಿಯನ್ನು ಬೇಲಿಯ ಕಂಬಕ್ಕೆ ಬಿಗಿದು ಇಳಿಜಾರಿಗೆ ಹಾಸಿದರು. ಒಬ್ಬ ಕೆಲಸಗಾರ ಅದನ್ನು ಹಿಡಿದು ಕೆಳಗಿಳಿದ. "ಆ ಮೂಲ್ಯಾಗ ನೋಡಣ್ಣಾ, ಮೋಟಾರ್ ಪೈಪಿನ ಬುಡಕ!" ಎಂದು ರೇಶ್ಮಾಳ ತಾಯಿ ಕೂಗಿದಳು.

ಸಿದ್ದು ಅಲ್ಲಿದ್ದ. ನಾವು ನಿಂತ ದಂಡೆಯ ಕೆಳಗೇ, ಜೋತ ಹಾಳೆಯ ಮರೆಯಲ್ಲಿ, ನೀರೆತ್ತುವ ಮೋಟಾರಿನ ಪೈಪನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಮೂಗಿನಿಂದ ಮೇಲಷ್ಟೇ ಕಾಣುತ್ತಿತ್ತು. ಕಣ್ಣು ತೆರೆದಿದ್ದವು. ನಾನು ಅಷ್ಟು ಹೊತ್ತು ಬೈದದ್ದು ಅವನ ತಲೆಯ ಮೇಲೆಯೇ. ಅವನ ಬೆರಳುಗಳನ್ನು ಪೈಪಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಮೇಲೆ ಎಳೆದು ಮಲಗಿಸಿದಾಗ ಅವನು ಅಳಲಿಲ್ಲ, ನಡುಗಿದ. ಅತ್ತದ್ದು ನಾನು. ಮಕ್ಕಳ ಮುಂದೆ, ಕೆಲಸದವರ ಮುಂದೆ, ನೆಲದ ಮೇಲೆ ಕೂತು ಗೋಳೋ ಎಂದು ಅತ್ತೆ.

ಮಂಗಳವಾರ ಸಿದ್ದು ಶಾಲೆಗೆ ಬಂದ. ಜೊತೆಗೆ ಅವನ ಅಪ್ಪನೂ ಬಂದಿದ್ದ. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡು ಎದ್ದು ನಿಂತೆ. ಆತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನೀವು ತೋರಿಸಿದ್ದಕ್ಕ ಇಂವ ಹೋದ. ನೀವು ತೋರಿಸಿದ್ದಕ್ಕ ಇಂವ ಉಳದ. ನಾ ಏನಂತ ಬೈಲ್ರಿ ನಿಮಗ?" ಎಂದು ಹೇಳಿ ಹೋದ. ಬೈದಿದ್ದರೆ ಹಗುರಾಗುತ್ತಿತ್ತು.

ಸಿದ್ದು ಮೇಜಿನ ಬಳಿ ನಿಂತೇ ಇದ್ದ. "ಅವರನ್ನ ಅಂಜಸಬೇಕಂತ ಮಾಡಿದ್ನಿರಿ ಟೀಚರ್" ಎಂದ, ನೆಲ ನೋಡುತ್ತ. "ನಾಕನೇದಾಂವ ಆಗಬೇಕಂತ. ಚಪ್ಪಲ್ ಅಲ್ಲೇ ಬಿಟ್ಟು, ಮೋಟಾರ್ ಪೈಪ್ ಹಿಡದು ಮರಿಗೆ ನಿಂತೆ. ಅವರು ಹುಡಕ್ತಾರ, ಅಂಜತಾರ, ಆಗ ಹೋ ಅಂತ ಒದರ್ಬೇಕು ಅಂತ. ಅವರು ಹುಡಕಲೇ ಇಲ್ರಿ. ಹತ್ತೂ ಪೈಪ್ ಮ್ಯಾಲ ಎಳಕೊಂಡ್ಬಿಟ್ರು. ನೀವು ಬೈಯೂದೂ ಕೇಳಸ್ತಿತ್ತು. ನಾ ಕರದೆ. ಬಾಯಾಗಿಂದ ಬರಲಿಲ್ಲ." ಆಮೇಲೆ ತಲೆ ಎತ್ತಿ, "ಆ ಸಿನಿಮಾದಾಗಿನ ನಾಕನೇದಾಂವ ಹೊರಗ ಬಂದ್ನೇನ್ರಿ?" ಎಂದ.

"ಬಂದ" ಎಂದೆ. ನನಗೆ ಗೊತ್ತಿರಲಿಲ್ಲ.

ಆ ವರ್ಷ ಮುಗಿಯುವವರೆಗೂ ಅವನು ತರಗತಿಯನ್ನು ನಗಿಸಲಿಲ್ಲ. ಮರುವರ್ಷ ನನಗೆ ವರ್ಗವಾಯಿತು. ಬಬಲೇಶ್ವರದಲ್ಲಿ ನಾನು ಮತ್ತೆ ದೃಶ್ಯಗಳನ್ನು ತೋರಿಸಲು ಶುರುಮಾಡಿದ್ದೇನೆ. ಆದರೆ ಪೂರ್ತಿ ಸಿನಿಮಾ ನೋಡದೆ ಒಂದು ತುಣುಕನ್ನೂ ಆರಿಸುವುದಿಲ್ಲ. ಆ ಹೊಂಡದ ಸಿನಿಮಾವನ್ನು ಮಾತ್ರ ಹುಡುಕುತ್ತಲೇ ಇದ್ದೆ. ಹೋದ ತಿಂಗಳು ಪೆನ್‌ಡ್ರೈವ್ ಕೊಟ್ಟಿದ್ದ ಅದೇ ಮೇಷ್ಟ್ರ ಮಗಳು ಅದನ್ನು ಎಲ್ಲಿಂದಲೋ ಪತ್ತೆಮಾಡಿ ಪೂರ್ತಿ ಕಳಿಸಿದಳು. ಮೊಬೈಲಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ, ತೆರೆಯಲು ಧೈರ್ಯವಾಗಿರಲಿಲ್ಲ.

ತಿಕೋಟಾದಲ್ಲಿ ಬಸ್ಸಿಳಿದು ಪರೀಕ್ಷೆಯ ಶಾಲೆಯ ಗೇಟಿಗೆ ಬಂದರೆ, ಬೈಕಿನ ಮೇಲೆ ಕೂತಿದ್ದ ಗಡ್ಡದ ಹುಡುಗನೊಬ್ಬ ದಡಕ್ಕನೆ ಇಳಿದು, "ಟೀಚರ್!" ಎಂದ. ಸಿದ್ದು. ತಂಗಿಯನ್ನು ಪರೀಕ್ಷೆಗೆ ಬಿಡಲು ಬಂದಿದ್ದ. ಅವಳು ಬೇವಿನ ನೆರಳಲ್ಲಿ ನಿಂತು ಪುಸ್ತಕ ತಿರುವುತ್ತಿದ್ದಳು. ಅವನೀಗ ಅಪ್ಪನ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನಂತೆ. ರೇಶ್ಮಾ ವಿಜಯಪುರದಲ್ಲಿ ಬಿ.ಎಡ್. ಓದುತ್ತಿದ್ದಾಳಂತೆ. "ಆಕಿ ಮಾಸ್ತರಕಿ ಮಾಡಾಕತ್ರ ಹುಡುಗೂರು ಕಾಪಿ ಹೊಡ್ಯಾಂಗಿಲ್ಲ ಬಿಡ್ರಿ" ಎಂದು ನಕ್ಕ. ಹಳೆಯ ನಗು. ಅದನ್ನು ಕೇಳಿ ಧೈರ್ಯ ಬಂತು. ಮೊಬೈಲು ತೆಗೆದು ವಿಷಯ ಹೇಳಿದೆ. ಅವನ ನಗು ನಿಂತಿತು. "ಹಚ್ಚರಿ" ಎಂದ.

ಇಬ್ಬರೂ ಕಾಂಪೌಂಡಿನ ನೆರಳಿನಲ್ಲಿ ನಿಂತು ನೋಡಿದೆವು. ಹೊಂಡ, ಕೇಕೆ, ಚಪ್ಪಲಿ, ನೀರು. ಪೆನ್‌ಡ್ರೈವಿನ ತುಣುಕು ಮುಗಿಯುತ್ತಿದ್ದ ಜಾಗ ದಾಟಿತು. ಹುಡುಗರು ಹಗ್ಗ ಹಿಡಿದು ಮೇಲೆ ಬಂದರು, ಅಂಗಿ ಹಾಕಿಕೊಂಡರು, ಚಪ್ಪಲಿ ಮೆಟ್ಟಿ ನಗುತ್ತ ಹೋದರು. ಒಂದು ಜೋಡಿ ದಂಡೆಯ ಮೇಲೆ ಉಳಿಯಿತು. ಮುಂದಿನ ದೃಶ್ಯ ಯಾವುದೋ ಮದುವೆಮನೆ. ಕೊನೆಯವರೆಗೂ ಓಡಿಸಿ ನೋಡಿದೆವು. ಆ ಚಪ್ಪಲಿಯ ಮಾತು ಮತ್ತೆ ಬರಲೇ ಇಲ್ಲ. ನಾಲ್ಕನೆಯ ಹುಡುಗ ಎಂಬುವನೇ ಆ ಕಥೆಯಲ್ಲಿರಲಿಲ್ಲ. ಚಿತ್ರ ತೆಗೆಯುವಾಗ ಯಾರೋ ಕೆಲಸದವರು ಅಲ್ಲಿ ಬಿಟ್ಟು ಮರೆತ ಚಪ್ಪಲಿ ಇರಬೇಕು.

ಇಷ್ಟಕ್ಕೇ ನಾವು ಅಷ್ಟು ಹೆದರಿದ್ದೆವೇ ಎಂದು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿದ್ದು ಮೊಬೈಲು ತಿರುಗಿ ಕೊಟ್ಟ. ಅವನ ಕೈ ಒದ್ದೆಯಾಗಿತ್ತು.

"ಅಲ್ಲಿ ಯಾರೂ ಚಪ್ಪಲ್ ಎಣಿಸಿಲ್ಲ ನೋಡ್ರಿ ಟೀಚರ್" ಎಂದ.

ಗಂಟೆ ಹೊಡೆಯಿತು. ಮಕ್ಕಳೆಲ್ಲ ಕೊಠಡಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತರು. ಕೈಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ನಾನು ಬಾಗಿಲಲ್ಲಿ ನಿಂತೆ. ಮೊದಲು ಚಪ್ಪಲಿಗಳನ್ನು ಎಣಿಸಿದೆ, ಆಮೇಲೆ ತಲೆಗಳನ್ನು. ಒಂದು ಕಡಿಮೆ ಬಂತು. ಮತ್ತೆ ಎಣಿಸಿದೆ. ಆಗಲೂ ಒಂದು ತಲೆ ಕಡಿಮೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಕೆಳಗಿನಿಂದ, ಬಿದ್ದ ಪೆನ್ನು ಹಿಡಿದುಕೊಂಡು ಸಿದ್ದುವಿನ ತಂಗಿ ಮೇಲೆದ್ದಳು.

"ಏನಾತ್ರಿ ಮಿಸ್?" ಎಂದಳು.

"ಏನಿಲ್ಲ, ಕೂತ್ಕೊ" ಎಂದು ಒಳಗೆ ಹೋಗಿ ಪತ್ರಿಕೆಗಳನ್ನು ಹಂಚಿದೆ.